ಅಪ್ಪನ ಗಾಡಿಗೆ ರಬ್ಬರ್ ಬೆಲ್ಟು

ಮಾರಿದವರು ಕೊಟ್ಟ ಪುಸ್ತಕದಲ್ಲಿ ನಮ್ಮ ಗಾಡಿಯ ಹೆಸರು ಸ್ಕಿಡ್ ಸ್ಟಿಯರ್ ಲೋಡರ್ ಎಂದಿದೆ. ಆ ಹೆಸರು ಹಿಡಿದು ಅದನ್ನು ಕರೆದವರನ್ನು ನಾನು ಈವರೆಗೆ ಕಂಡಿಲ್ಲ. ಅಪ್ಪ ಅದಕ್ಕೆ ಮರಿ ಎನ್ನುತ್ತಾನೆ. ಸರ್ಜಾಪುರದಿಂದ ಅತ್ತಿಬೆಲೆಯವರೆಗೆ ಕಟ್ಟಡದ ಕೆಲಸ ಮಾಡಿಸುವ ಮೇಸ್ತ್ರಿಗಳೂ ಈಗ ‘ಅಕ್ಕ, ಮರಿ ಖಾಲಿ ಇದ್ಯಾ?’ ಎಂದೇ ಫೋನ್ ಮಾಡುತ್ತಾರೆ. ದೊಡ್ಡ ಯಂತ್ರಗಳು ನುಗ್ಗಲಾಗದ ಗೇಟಿನೊಳಗೆ ನುಗ್ಗಿ, ಮುಂದಿನ ಬಕೆಟ್ಟಿನಲ್ಲಿ ಮಣ್ಣನ್ನೋ ಜಲ್ಲಿಯನ್ನೋ ತುಂಬಿಕೊಂಡು, ನಿಂತಲ್ಲೇ ಗಿರಕಿ ಹೊಡೆದು ಹೊರಗೆ ಬರುವುದು ಅದರ ಕೆಲಸ.

ಅದಕ್ಕೆ ಸ್ಟಿಯರಿಂಗ್ ಚಕ್ರವಿಲ್ಲ. ಎರಡು ಕೈಗೆ ಎರಡು ಲಿವರ್ ಇವೆ. ತಿರುಗಬೇಕಾದರೆ ಒಂದು ಬದಿಯ ಚಕ್ರಗಳು ನಿಂತುಬಿಡುತ್ತವೆ, ಇನ್ನೊಂದು ಬದಿಯವು ಓಡುತ್ತವೆ, ಟೈರುಗಳು ನೆಲಕ್ಕೆ ಕರಕರ ಉಜ್ಜಿಕೊಂಡು ಗಾಡಿ ತಿರುಗುತ್ತದೆ. ಹಾಗಾಗಿ ಟೈರು ಬಲುಬೇಗ ಸವೆಯುತ್ತವೆ. ಈ ಮಾತು ಮುಂದೆ ಬೇಕಾಗುತ್ತದೆ, ಅದಕ್ಕೇ ಹೇಳಿದೆ.

ಗಾಡಿ ಓಡಿಸುವವನು ಅಪ್ಪ. ಕೆಲಸ ಹಿಡಿಯುವವಳು, ಡೀಸೆಲ್ ಹಾಕಿಸುವವಳು, ಸೈಟಿನ ಸೂಪರ್‌ವೈಸರುಗಳ ಹತ್ತಿರ ಜಗಳವಾಡುವವಳು ನಾನು. ಅತ್ತಿಬೆಲೆಯ ಕಾರ್ಖಾನೆಯೊಂದರ ಸ್ಟೋರ್ಸಿನಲ್ಲಿ ನನಗೆ ಬೇರೆ ಉದ್ಯೋಗವೂ ಇದೆ. ಗಾಡಿಯ ಫೋನು ಬಂದರೆ ಮೆಟ್ಟಿಲ ಹತ್ತಿರ ಹೋಗಿ ಮಾತಾಡಿ ಬರುತ್ತೇನೆ. ನನಗೆ ಕೋಪ ಬೇಗ ಬರುತ್ತದೆ ಎಂದು ಮನೆಯಲ್ಲಿ ದೂರುತ್ತಾರೆ. ನಿಧಾನವಾಗಿ ಬರುವ ಕೋಪ ಇಟ್ಟುಕೊಂಡು ಬಾಡಿಗೆ ಗಾಡಿ ನಡೆಸಲಾಗುವುದಿಲ್ಲ.

ಅಪ್ಪ ಮೊದಲಿನಿಂದ ಟ್ರ್ಯಾಕ್ಟರಿನವನು. ಕೆರೆ ಕೆಳಗೆ ನಮಗೊಂದಿಷ್ಟು ಗದ್ದೆ, ಮೇಲೆ ರಾಗಿ ಹೊಲ ಇತ್ತು. ಅದು ಲೇಔಟಿಗೆ ಹೋಯಿತು. ಇದನ್ನು ದೊಡ್ಡ ದುಃಖವಾಗಿ ಹೇಳುವ ಅಭ್ಯಾಸ ನಮ್ಮ ಕಡೆ ಇದೆ, ಆದರೆ ನಮ್ಮ ಮನೆಯಲ್ಲಿ ಯಾರೂ ಅಳಲಿಲ್ಲ. ಅಪ್ಪ ಹೊಸ ಶರ್ಟು ಹಾಕಿಕೊಂಡು ಹೋಗಿ ಸಹಿ ಹಾಕಿ ಬಂದ. ಟ್ರ್ಯಾಕ್ಟರನ್ನೂ ಮಾರಿ ಈ ಗಾಡಿ ತಂದ. ಲೇಔಟಿನವರ ಮೊದಲ ಕೆಲಸವನ್ನೂ ಅವನೇ ಹಿಡಿದ. ನಮ್ಮದೇ ಬದುಗಳನ್ನು ನಮ್ಮದೇ ಗಾಡಿಯಲ್ಲಿ ಅವನೇ ಕೆಡವಿದ. ‘ಬೇರೆಯೋರು ಕೆಡವಿದ್ರೆ ಬದು ಸುಮ್ನಿರ್ತದಾ?’ ಎಂದು ಕೇಳಿದವರಿಗೆ ಹೇಳುತ್ತಿದ್ದ.

ಆ ಜಮೀನಿನ ಮೂಲೆಯಲ್ಲೊಂದು ಬಾವಿ ಇತ್ತು. ಕಲ್ಲು ಕಟ್ಟಿದ, ಮೆಟ್ಟಿಲಿಳಿದು ನೀರು ಮುಟ್ಟಬಹುದಾದ ತೆರೆದ ಬಾವಿ. ಸುತ್ತಲಿನ ಬೋರ್‌ವೆಲ್ಲುಗಳು ಒಂದೊಂದಾಗಿ ಕೈಕೊಟ್ಟರೂ ಅದರಲ್ಲಿ ಕೊನೆಯವರೆಗೂ ನೀರಿತ್ತು. ಅಡಿಗೆಗೆ ಅಮ್ಮ ಅದೇ ನೀರು ತರಿಸುತ್ತಿದ್ದಳು. ಬೋರಿನ ನೀರಲ್ಲಿ ಎಷ್ಟು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ; ಬಾವಿಯ ನೀರಲ್ಲಾದರೆ ಒಲೆಯ ಮೇಲಿಟ್ಟು ಸೊಪ್ಪು ಸೋಸುವಷ್ಟರಲ್ಲಿ ಬೆಂದು ಕರಗಿರುತ್ತಿತ್ತು. ನೆಂಟರು ಬಂದಾಗ ಅಮ್ಮ ಸಾರಿನ ಬಗ್ಗೆ ಹೇಳುತ್ತಿರಲಿಲ್ಲ, ನೀರಿನ ಬಗ್ಗೆ ಹೇಳುತ್ತಿದ್ದಳು. ಅಪ್ಪ ಉಣ್ಣುತ್ತ ತಲೆಯಾಡಿಸುತ್ತಿದ್ದ. ಆ ಬಾವಿ ತೋಡಿಸಿದ್ದು ಅವನಪ್ಪ.

ಲೇಔಟಿನ ನಕ್ಷೆಯಲ್ಲಿ ಬಾವಿಯ ಜಾಗಕ್ಕೆ ರಸ್ತೆ ಬಂದಿತ್ತು. ಮುಚ್ಚಲೇಬೇಕೆಂದಾದಾಗ ಅದನ್ನೂ ತಾನೇ ಮುಚ್ಚುತ್ತೇನೆ ಅಂದ. ಆ ಬೆಳಗ್ಗೆ ನಾನು ತಿಂಡಿ ತೆಗೆದುಕೊಂಡು ಹೋದಾಗ ಬಾವಿಯ ಮೋಟರ್ ಓಡುತ್ತಿತ್ತು. ಪೈಪು ಗಾಡಿಯ ಹಿಂಬದಿಗೆ ಹರಿದಿತ್ತು, ಅಪ್ಪ ಹಿಂದಿನ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಗಾಡಿ ತೊಳೆಯುತ್ತಿದ್ದಾನೆ ಅಂದುಕೊಂಡೆ. ಮಣ್ಣು ತಳ್ಳುವ ಗಾಡಿಯನ್ನು ಕೆಲಸಕ್ಕೆ ಮುಂಚೆ ಯಾರಾದರೂ ತೊಳೆಯುತ್ತಾರಾ ಎಂದು ನಾನು ಕೇಳಲಿಲ್ಲ. ಅಪ್ಪ ಮಾಡುವುದಕ್ಕೆಲ್ಲ ಕಾರಣ ಕೇಳುತ್ತ ಕೂತರೆ ನನ್ನ ಬಸ್ಸು ತಪ್ಪುತ್ತದೆ. ಸಂಜೆ ಬರುವಷ್ಟರಲ್ಲಿ ಬಾವಿ ಇದ್ದ ಕಡೆ ಕೆಂಪು ಮಣ್ಣಿನ ಸಮ ನೆಲವಿತ್ತು, ಅಪ್ಪ ಗಾಡಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

ಇದಾದ ಮೇಲೆ ಗಾಡಿಯ ಮುಂದಿನ ಟೈರುಗಳನ್ನು ಬದಲಾಯಿಸಿದೆವು. ಹಿಂದಿನವನ್ನು ಬದಲಾಯಿಸಲು ಅಪ್ಪ ಬಿಡಲಿಲ್ಲ. ಮುಂದಿನವು ಮತ್ತೆ ಸವೆದವು, ಮತ್ತೆ ಬದಲಾಯಿಸಿದೆವು. ಹಿಂದಿನವು ಬೋಳಾಗಿ, ಕೈಯಾಡಿಸಿದರೆ ನುಣ್ಣಗೆ ಜಾರುವಂತಾದವು. ‘ಅಪ್ಪ, ಇವು ಟೈರೋ, ಬೋಂಡಾನೋ?’ ಎಂದು ಕೇಳಿದೆ. ‘ಇನ್ನೂ ಓಡ್ತವೆ ಬಿಡವ್ವ. ಹಿಂದಿನ ಟೈರಿಗೇನು ಕೆಲ್ಸ’ ಅಂದ. ಜಿಪುಣತನ ಅಂದುಕೊಂಡು ನಾನೂ ಸುಮ್ಮನಾದೆ.

ಹೋದ ಮಳೆಗಾಲ ಮುಗಿಯುತ್ತಿದ್ದಂತೆ ನಮಗೊಂದು ಒಳ್ಳೆಯ ಕೆಲಸ ಸಿಕ್ಕಿತು. ಸರ್ಜಾಪುರದ ಹತ್ತಿರದ ಒಂದು ಕೆರೆಗೆ ಬೇಲಿ ಹಾಕಿ, ಒಳಗೆ ಸುತ್ತಲೂ ವಾಕಿಂಗ್ ದಾರಿ ಮಾಡುತ್ತಿದ್ದರು. ಗೇಟು ಚಿಕ್ಕದು, ಮೇಲೆ ಹೊಂಗೆ ಮರದ ಕೊಂಬೆಗಳು. ದೊಡ್ಡ ಯಂತ್ರ ಒಳಗೆ ಹೋಗುವಂತಿಲ್ಲ. ಕಲ್ಲು, ಗ್ರಾವೆಲ್ಲು ಎಲ್ಲವನ್ನೂ ನಮ್ಮ ಮರಿಯೇ ಹೊರಬೇಕು. ಬೇಸಗೆಯವರೆಗೂ ನಡೆಯುವ ಕೆಲಸ.

ಆದರೆ ಕೆರೆಯಂಗಳ ಮೇಲೆ ಒಣಗಿದಂತೆ ಕಂಡರೂ ಕೆಳಗೆ ಕೆಸರು. ಗಾಡಿ ಒಳಗೆ ಹೋದ ಮೊದಲ ದಿನವೇ ಹಿಂದಿನ ಚಕ್ರ ಗಿರ್ರನೆ ತಿರುಗಿ ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಕೂತಿತು. ಟ್ರ್ಯಾಕ್ಟರ್ ತರಿಸಿ ಎಳೆಸಿದೆವು. ಮರುದಿನವೂ ಹಾಗೇ ಆಯಿತು. ಆ ವಾರದಲ್ಲಿ ಗಾಡಿ ಕೆಲಸ ಮಾಡಿದ್ದಕ್ಕಿಂತ ಹೂತುಕೊಂಡಿದ್ದೇ ಜಾಸ್ತಿ. ಸೈಟಿನ ಸೂಪರ್‌ವೈಸರ್ ಸಭ್ಯ ಮನುಷ್ಯ, ಬೈಯುವುದನ್ನೂ ಮೆಲ್ಲಗೆ ಬೈಯುತ್ತಿದ್ದ.

‘ಮೇಡಂ, ಗಾಡಿ ಎಳೆಯೋಕೆ ಇನ್ನೊಂದು ಗಾಡಿ ಇಟ್ಕೊಳ್ಳೋಕಾಗುತ್ತಾ? ನೀವೇ ಹೇಳಿ. ಡ್ರೈವರ್‌ನ ಚೇಂಜ್ ಮಾಡಿ ನೋಡಿ. ಪಾಪ, ಅವ್ರಿಗೂ ವಯಸ್ಸಾಗಿದೆ.’

ಆ ‘ಪಾಪ’ ಅಪ್ಪನ ಕಿವಿಗೂ ಬಿತ್ತು. ಅವನು ಕೆರೆಯ ಕಡೆ ನೋಡುತ್ತ ನಿಂತ. ಅವತ್ತು ಮನೆಗೆ ಬಂದ ಮೇಲೆ ನಾನು ನೇರವಾಗಿ ಹೇಳಿದೆ.

‘ಇನ್ನೊಂದ್ಸಲ ಹೂತ್ಕೊಂಡ್ರೆ ನಾನು ಬೇರೆ ಆಪರೇಟರ್‌ನ ಕೂರಿಸ್ತೀನಿ. ಆಮೇಲೆ ಬೇಜಾರು ಮಾಡ್ಕೋಬೇಡ.’

‘ಕೂರ್ಸವ್ವ. ಆದ್ರೆ ಮದ್ಲು ಬೆಲ್ಟು ಹಾಕ್ಸು. ಬೆಲ್ಟು ಹಾಕ್ಸಿದ ಮ್ಯಾಲೂ ಆಗ್ನಿಲ್ಲ ಅಂದ್ರೆ ನಾನೇ ಇಳ್ದೋಯ್ತೀನಿ. ನೀನು ಹೇಳೋದೇ ಬ್ಯಾಡ.’

ಬೆಲ್ಟು ಅಂದರೆ ಟೈರಿನ ಮೇಲೆಯೇ ಹಾಕುವ ರಬ್ಬರಿನ ಪಟ್ಟಿ. ಯಾವುದೋ ದೇಶದಲ್ಲಿ ಇಂಥದೇ ಗಾಡಿಗೆ ಅದನ್ನು ತೊಡಿಸಿ ಹಿಮದ ಮೇಲೆ ಓಡಿಸುವುದನ್ನು ಅಪ್ಪ ಫೋನಿನಲ್ಲಿ ನೋಡಿದ್ದ. ಒಂದೊಂದು ಬದಿಯ ಎರಡೆರಡು ಚಕ್ರಗಳನ್ನೂ ಸುತ್ತಿ ಒಂದೇ ಪಟ್ಟಿ. ಆಗ ಭಾರವೆಲ್ಲ ಪಟ್ಟಿಯುದ್ದಕ್ಕೂ ಹರಡಿಕೊಂಡು, ನಾಲ್ಕು ಕಡೆ ಚುಚ್ಚುವ ಗಾಡಿ ಕೆಸರಿನ ಮೇಲೆ ಚಪ್ಪಟೆಯಾಗಿ ನಿಲ್ಲುತ್ತದೆ.

ಆ ಸೀಟು ಅಪ್ಪನಿಗೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅವನ ವಯಸ್ಸಿನವರು ನಮ್ಮೂರ ಬೇಕರಿಯ ಮುಂದೆ ಕುರ್ಚಿ ಹಾಕಿಕೊಂಡು, ಯಾರ ಜಮೀನು ಯಾವ ರೇಟಿಗೆ ಹೋಯಿತೆಂದು ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಾರೆ. ಆ ಕೂಟ ಅಪ್ಪನಿಗೆ ಕಂಡರಾಗದು. ಬೆಳಗ್ಗೆ ಎದ್ದರೆ ಹತ್ತಿ ಕೂರಲು ತನಗೊಂದು ಸೀಟಿದೆ ಎನ್ನುವುದರ ಮೇಲೇ ಅವನ ದಿನ ನಿಂತಿತ್ತು. ಅದನ್ನು ಕಿತ್ತುಕೊಳ್ಳುವ ಅಧಿಕಾರ ನನ್ನ ಕೈಯಲ್ಲಿರುವುದು ನನಗೆ ಇಷ್ಟವಿರಲಿಲ್ಲ. ಇಷ್ಟವಿಲ್ಲದಿದ್ದರೂ ನಾನು ಚಲಾಯಿಸುತ್ತಿದ್ದೆ, ಅದೂ ಗೊತ್ತು.

ಪೀಣ್ಯದಲ್ಲಿ ಕನ್ವೇಯರ್ ಬೆಲ್ಟು, ರೋಲರು ಎಂದು ರಬ್ಬರಿನ ಕೆಲಸ ಮಾಡುವ ಶೆಡ್ಡುಗಳ ಸಾಲೇ ಇದೆ. ರಜೆ ಹಾಕಿ, ಮೆಟ್ರೊ ಹತ್ತಿ ಹೋಗಿ, ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ಅಲೆದು, ಕೊನೆಗೆ ಇದನ್ನೇ ಮಾಡಿಕೊಡುವ ಒಬ್ಬ ಮೆಕ್ಯಾನಿಕ್‌ನನ್ನು ಹಿಡಿದೆ. ಸ್ಟೀಲಿನ ಕೊಂಡಿಗಳಿಗೆ ದಪ್ಪ ರಬ್ಬರು ಕೂರಿಸಿ ಪಟ್ಟಿ ಮಾಡುತ್ತಿದ್ದ. ಮಾತುಗಾರ. ಗಾಡಿಯ ಫೋಟೊ ನೋಡಿ, ‘ಆರಾಮಾಗಿ ಹಾಕ್ಬೋದು ಮೇಡಂ, ಎಮ್ಮೆಗೆ ಸಾಕ್ಸ್ ಹಾಕ್ದಂಗೆ’ ಅಂದ. ‘ಆದ್ರೆ ಒಂದೇ ಕಂಡೀಷನ್ನು. ನಾಲ್ಕೂ ಟೈರು ಒಂದೇ ಅಳತೆ ಇರ್ಬೇಕು, ನಾಲ್ಕರಲ್ಲೂ ಒಂದೇ ಗಾಳಿ ಇರ್ಬೇಕು. ಅದೊಂದು ತಪ್ಪಿದ್ರೆ ಬೆಲ್ಟು ನಿಲ್ಲಲ್ಲ, ಕಳಚ್ಕೊಂಡು ಬಿದ್ದೋಗುತ್ತೆ.’

ಪಟ್ಟಿ ತಯಾರಾದ ಮೇಲೆ ಅವನು ಅದನ್ನೂ ಒಂದು ಕಂಪ್ರೆಸರನ್ನೂ ಗೂಡ್ಸ್ ಗಾಡಿಯಲ್ಲಿ ಹೇರಿಕೊಂಡು ನಮ್ಮ ಮನೆಗೇ ಬಂದ. ಬಂದವನು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ‘ಮುಂದಿಂದು ಹೊಸ ಟೈರು, ಹಿಂದಿಂದು ಬೋಳು. ಹಿಂದಿನವೆರಡೂ ಚೇಂಜ್ ಮಾಡ್ಬೇಕು’ ಅಂದ. ನಾನು ಅಪ್ಪನ ಮುಖ ನೋಡಿದೆ. ನಾನು ಹೇಳಿದ್ದೆ ತಾನೇ ಎನ್ನುವ ನೋಟ ಅದು, ಮನೆಯಲ್ಲಿ ಎಲ್ಲರಿಗೂ ಪರಿಚಯ.

ಅಪ್ಪ ತಡಮಾಡಲಿಲ್ಲ. ‘ಹಿಂದಿಂದು ಯಾಕೆ? ಮುಂದಕ್ಕಿದ್ದ ಹಳೇ ಟೈರು ಶೆಡ್ಡಲ್ಲೇ ಅವೆ. ಅವೂ ಇಂಗೇ ಸವೆದವೆ. ಅವ್ನೇ ಮುಂದಕ್ಕೆ ಹಾಕಿ, ನಾಲ್ಕೂ ಒಂದೇ ಆಯ್ತವೆ.’

ಒಳ್ಳೆಯ ಟೈರು ಬಿಚ್ಚಿ ಬೋಳು ಟೈರು ಹಾಕುವ ಬುದ್ಧಿವಂತಿಕೆಯನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೆಕ್ಯಾನಿಕ್ ಮಾತ್ರ ಟೇಪು ಹಿಡಿದು ಅಳೆದು ಆಗಬಹುದೆಂದ. ಟೈರಿಗೂ ಗಾಡಿಯ ಮೈಗೂ ನಡುವೆ ಪಟ್ಟಿ ಓಡಾಡಲು ಜಾಗ ಬೇಕಂತೆ. ಸಾಲದಿದ್ದರೆ ಚಕ್ರ ಬಿಚ್ಚಿ, ನಡುವೆ ಕಬ್ಬಿಣದ ಬಿಲ್ಲೆ ಕೊಟ್ಟು ಹೊರಗೆ ತಳ್ಳಬೇಕಂತೆ. ಅಪ್ಪ ಹಿಂದಿನ ಚಕ್ರದ ಹತ್ತಿರ ಕೈ ತೂರಿಸಿ ತೋರಿಸಿ, ‘ನೋಡಿ, ಇಡೀ ಅಂಗೈ ಓಯ್ತದೆ. ಬಿಚ್ಚೋದೇನೂ ಬ್ಯಾಡ’ ಅಂದ. ಜಾಗವೇನೋ ಇತ್ತು.

ತೊಡಿಸುವ ಕೆಲಸ ನೋಡಲು ಚೆನ್ನಾಗಿತ್ತು. ಮೊದಲು ಟೈರುಗಳ ಗಾಳಿ ಸ್ವಲ್ಪ ಇಳಿಸಬೇಕು. ಎರಡು ಪಟ್ಟಿಗಳನ್ನೂ ಹಾಸಿದ ಚಾಪೆಯಂತೆ ನೆಲದ ಮೇಲೆ ಉದ್ದಕ್ಕೆ ಬಿಡಿಸಿ, ಗಾಡಿಯನ್ನು ಅವುಗಳ ಮೇಲೆ ಹತ್ತಿಸಬೇಕು. ಆಮೇಲೆ ಎರಡು ತುದಿಗಳನ್ನೂ ಟೈರಿನ ಮೇಲಕ್ಕೆ ಎತ್ತಿ, ಚೈನು ಹಾಕಿ ಬಿಗಿಯಾಗಿ ಎಳೆದು, ಒಂದಕ್ಕೊಂದು ಕೂಡಿಸಿ ಪಿನ್ನು ಹೊಡೆಯಬೇಕು. ಕೊನೆಗೆ ಟೈರಿಗೆ ಪೂರ್ತಿ ಗಾಳಿ ತುಂಬಿದರೆ ಪಟ್ಟಿ ತಾನಾಗಿ ಬಿಗಿದುಕೊಳ್ಳುತ್ತದೆ. ಮೆಕ್ಯಾನಿಕ್ ಮುಂದಿನ ಟೈರುಗಳನ್ನು ನೋಡಿಕೊಂಡ. ‘ಹಿಂದಿಂದು ನಾನು ನೋಡ್ಕಂತೀನಿ, ನೀವು ಮುಂದಿಂದು ನೋಡ್ಕಳಿ’ ಎಂದು ಅಪ್ಪ ತಾನೇ ಹಿಂದೆ ಹೋಗಿ ಕೂತ. ಸುಯ್ ಎಂದು ಗಾಳಿ ಇಳಿದ ಸದ್ದು ಕೇಳಿಸಿತು. ಪಿನ್ನು ಹೊಡೆದಾದ ಮೇಲೆ ಕಂಪ್ರೆಸರಿನ ಪೈಪನ್ನೂ ಹಿಂದಕ್ಕೆ ಅವನೇ ಒಯ್ದ. ‘ಆಯ್ತು’ ಅಂದ. ಮನೆಯ ಹಿರಿಯ ಮನುಷ್ಯ ಆಯ್ತು ಅಂದ ಮೇಲೆ ಗಾಳಿ ಅಳೆಯುವ ಗೇಜು ಹಿಡಿದು ನೋಡುವ ಮರ್ಯಾದೆಗೇಡಿನ ಕೆಲಸ ಮೆಕ್ಯಾನಿಕ್ ಮಾಡಲಿಲ್ಲ.

ಅಮ್ಮ ನಿಂಬೆಹಣ್ಣು ತಂದು ಕೊಟ್ಟಳು. ಹೊಸದು ಏನೇ ಹಾಕಿಸಿದರೂ ಚಕ್ರಕ್ಕೊಂದು ನಿಂಬೆಹಣ್ಣು ಇಟ್ಟು ಹತ್ತಿಸುವುದು ಪದ್ಧತಿ. ಅಪ್ಪ ಎರಡನ್ನು ಮಾತ್ರ ಇಟ್ಟು ಉಳಿದದ್ದನ್ನು ವಾಪಸು ಕೊಟ್ಟ. ‘ನಾಕು ಕಾಲಿಂದು ಇವತ್ತಿಂದ ಎಲ್ಡೇ ಕಾಲಿಂದಾಯ್ತು’ ಅಂದ. ಅವನು ಅಷ್ಟು ಖುಷಿಯಲ್ಲಿದ್ದುದನ್ನು ನಾನು ನೋಡಿ ಬಹಳ ದಿನಗಳಾಗಿದ್ದವು.

ಮಾರನೆಯ ದಿನ ಕೆರೆಗೆ ಹೋದೆವು. ಮೆಕ್ಯಾನಿಕ್ ತನ್ನ ಕಂಪ್ರೆಸರಿನ ಜೊತೆಗೆ ತಾನೂ ಬಂದಿದ್ದ. ಸೂಪರ್‌ವೈಸರ್ ಕೈಕಟ್ಟಿ ನಿಂತು, ‘ಇವತ್ತು ಸಂಜೆವರ್ಗೂ ನೋಡ್ತೀನಿ ಮೇಡಂ. ಆಗ್ಲಿಲ್ಲ ಅಂದ್ರೆ ಬೇರೆ ಗಾಡಿಗೆ ಹೇಳ್ತೀನಿ, ತಪ್ಪು ತಿಳ್ಕೋಬೇಡಿ’ ಅಂದ. ಅಪ್ಪ ಹತ್ತಿ ಕೂತ. ನೇರ ದಾರಿಯಲ್ಲಿ ಗಾಡಿ ಚೆನ್ನಾಗಿಯೇ ಹೋಯಿತು. ತಿರುವು ಬಂತು. ಗಾಡಿ ಹಿಂದಕ್ಕೆ ಕುಸಿಯಿತು, ಎಡಗಡೆಯ ಪಟ್ಟಿ ಉಬ್ಬಿ ಮೇಲೆದ್ದು, ಟೈರಿನಿಂದ ಕಳಚಿಕೊಂಡು ಕೆಸರಿನಲ್ಲಿ ಬಿತ್ತು.

ಮತ್ತೆ ಹಾಕಿದರು, ಈಗಲೂ ಹಿಂದಿನ ಟೈರು ನೋಡಿಕೊಂಡವನು ಅಪ್ಪನೇ. ಮತ್ತೆ ಅದೇ ತಿರುವಿನಲ್ಲಿ ಬಿತ್ತು. ಇನ್ನೊಮ್ಮೆ ಹಾಕಿದಾಗ ಈ ಸಲ ಬಲಗಡೆಯದು ಬಿತ್ತು. ಮೆಕ್ಯಾನಿಕ್ ಪಟ್ಟಿಯನ್ನು ಕೊಂಡಿ ಕೊಂಡಿಯಾಗಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದ.

‘ಬೆಲ್ಟಲ್ಲಿ ಪ್ರಾಬ್ಲಂ ಇಲ್ಲ ಮೇಡಂ. ಅವ್ರು ಗಬಕ್ಕಂತ ತಿರುಗಿಸ್ತಾರೆ. ಇದನ್ನ ನಿಧಾನಕ್ಕೆ ತಿರುಗಿಸ್ಬೇಕು. ಟ್ರ್ಯಾಕ್ಟರ್ ಕೈ ಅವ್ರದು.’

ನಾನು ಗಾಡಿಯ ಹತ್ತಿರ ಹೋಗಿ ನಿಂತೆ. ಹೇಳಬೇಕಾದ ಮಾತನ್ನು ಹೇಳಲು ಬಾಯಿ ತೆರೆಯುವ ಮೊದಲೇ ಅಪ್ಪ ಇಂಜಿನ್ ಆರಿಸಿ, ಮಡಿಲಿಗೆ ಅಡ್ಡವಿರುವ ಕಬ್ಬಿಣದ ಬಾರು ಎತ್ತಿ, ಇಳಿದುಬಿಟ್ಟ. ‘ಕರ್ಸವ್ವ ಆ ಉಡುಗುನ್ನ. ನನ್ ಕೈಲಿ ಆಗಾಕಿಲ್ಲ’ ಅಂದ. ಟವಲಿನಿಂದ ಮುಖ ಒರೆಸಿಕೊಂಡು ಹೊಂಗೆ ಮರದ ಕೆಳಗೆ ಹೋಗಿ ಕೂತ. ಜಗಳವಿಲ್ಲ, ಗೊಣಗಾಟವಿಲ್ಲ. ಒಂದು ಮಾತಿಗೆ ನಾಲ್ಕು ಮಾತಾಡದೆ ಈ ಮನುಷ್ಯ ಯಾವತ್ತೂ ಒಂದು ಕುರ್ಚಿ ಕೂಡ ಬಿಟ್ಟುಕೊಟ್ಟವನಲ್ಲ. ನನಗೆ ಅಲ್ಲೇ ಅನುಮಾನ ಬರಬೇಕಿತ್ತು. ಬದಲಿಗೆ ಬಂದದ್ದು ಸಂಕಟ, ಅದರ ಜೊತೆಗೆ ನಾಚಿಕೆ ಬರುವಷ್ಟು ಸಮಾಧಾನ. ಕೆಟ್ಟ ಮಾತು ನಾನಾಡಬೇಕಾಗಲಿಲ್ಲವಲ್ಲ ಎಂದು.

ಅಪ್ಪ ಹೇಳಿದ ಆ ಹುಡುಗ ಹುಡುಗನೇನಲ್ಲ, ಎರಡು ಮಕ್ಕಳ ತಂದೆ. ಕೊಪ್ಪಳದ ಕಡೆಯವನು, ನಮ್ಮ ಬೀದಿಯಲ್ಲೇ ಬಾಡಿಗೆ ರೂಮಿನಲ್ಲಿದ್ದು ಇಂಥ ಗಾಡಿಗಳನ್ನೇ ಓಡಿಸುತ್ತಿದ್ದ. ಬೇಕಾಗಬಹುದೆಂದು ನಾನು ಮೊದಲೇ ಮಾತಾಡಿಟ್ಟಿದ್ದೆ. ಅವನು ಬೈಕಿನಲ್ಲಿ ಬರುವಷ್ಟರಲ್ಲಿ ಪಟ್ಟಿಯನ್ನು ಮತ್ತೆ ತೊಡಿಸಿದ್ದರು. ಅಪ್ಪನ ಹತ್ತಿರ ಹೋಗಿ, ‘ಹತ್ತಲೇನ್ರಿ ಯಜಮಾನ್ರ?’ ಎಂದು ಕೇಳಿ ಹತ್ತಿದ. ತಿರುವಿನವರೆಗೆ ನಿಧಾನವಾಗಿ ಹೋದ, ನಿಧಾನವಾಗಿಯೇ ತಿರುಗಿಸಿದ. ಗಾಡಿ ಹಿಂದಕ್ಕೆ ಕುಸಿದು, ಪಟ್ಟಿ ಅಷ್ಟೇ ನಿಧಾನವಾಗಿ ಕಳಚಿ ಬಿತ್ತು.

‘ನನ್ನ ಕೈಯಾಗೂ ಹಂಗ ಆತಲ್ರಿ ಅಕ್ಕಾರ’ ಅಂದ, ಇಳಿದು ಬಂದು.

ಅಂದರೆ ಅಪ್ಪನ ಕೈಯ ದೋಷವಲ್ಲ. ನಾನು ಮೆಕ್ಯಾನಿಕ್ ಮುಖ ನೋಡಿದೆ. ಅವನಿಗೆ ಈಗ ನೋಡಲು ಉಳಿದಿದ್ದ ಜಾಗ ಒಂದೇ. ಗೇಜು ತೆಗೆದುಕೊಂಡು ಹಿಂದಿನ ಟೈರಿನ ಹತ್ತಿರ ಕೂತ. ವಾಲ್ವಿನ ಮುಚ್ಚಳ ತಿರುಗಿಸಿ ಗೇಜು ಒತ್ತಿದ್ದೇ ತಡ, ಚಿರ್ರೆಂದು ಅವನ ಮುಖಕ್ಕೆ ನೀರು ಹಾರಿತು.

‘ಏನ್ ಮೇಡಂ ಇದು! ಟೈರಲ್ಲಿ ಬೋರ್‌ವೆಲ್ ಹಾಕ್ಸಿದ್ದೀರಾ?’

ಕೊಪ್ಪಳದವನು ನಕ್ಕ. ಸೂಪರ್‌ವೈಸರೂ ನಕ್ಕ. ನನಗೂ ನಗು ಬಂತು, ಅರ್ಧಕ್ಕೆ ನಿಂತಿತು.

ಕೆಸರುಗದ್ದೆ ಉಳುವ ಟ್ರ್ಯಾಕ್ಟರಿನ ಹಿಂದಿನ ಟೈರುಗಳಿಗೆ ನೀರು ತುಂಬಿಸುವುದು ನಮ್ಮ ಕಡೆ ಹೊಸತೇನಲ್ಲ. ಹಿಂದೆ ಭಾರವಾದರೆ ಟೈರು ಜಾರದೆ ನೆಲ ಹಿಡಿಯುತ್ತದೆ. ಅಪ್ಪ ವರ್ಷವರ್ಷವೂ ತುಂಬಿಸುತ್ತಿದ್ದ. ವಾಲ್ವಿನ ಪಿನ್ನು ತೆಗೆದು ಪೈಪು ಕೂರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಬೆಲ್ಟು ಕೇಳುವುದು ಬೇರೆಯದೇ. ಅದಕ್ಕೆ ಭಾರ ಹಿಂದೆ ಕೂರಬಾರದು, ನಾಲ್ಕು ಟೈರೂ ಒಂದೇ ಸಮ ಗಟ್ಟಿಯಾಗಿರಬೇಕು. ವಾಲ್ವು ಮೇಲಕ್ಕಿದ್ದಾಗ ಹಿಂದಿನ ಟೈರುಗಳ ಗಾಳಿ ಇಳಿಸಿದ್ದ ಅಪ್ಪ, ಗೇಜು ಇಟ್ಟರೆ ನೀರು ಚಿಮ್ಮಿ ಗುಟ್ಟು ರಟ್ಟಾಗುತ್ತದೆಂದು ಅದನ್ನು ಮತ್ತೆ ತುಂಬುವ ನಾಟಕವನ್ನಷ್ಟೇ ಆಡಿದ್ದ. ಮೆಕ್ಯಾನಿಕ್ ಇದನ್ನೆಲ್ಲ ವಿವರಿಸುತ್ತಿದ್ದರೆ ನಾನು ಬೇರೇನನ್ನೋ ನೋಡುತ್ತಿದ್ದೆ: ಓಡುತ್ತಿರುವ ಬಾವಿಯ ಮೋಟರು, ಗಾಡಿಯ ಹಿಂಬದಿಗೆ ಹರಿದ ಪೈಪು, ಕುಕ್ಕರುಗಾಲಲ್ಲಿ ಕೂತ ಅಪ್ಪ.

ಮರದ ಹತ್ತಿರ ಹೋದೆ. ನನ್ನ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಬೀಡಿಯನ್ನು ನೆಲಕ್ಕೊತ್ತಿ ಆರಿಸಿದ.

‘ಟೈರಲ್ಲಿರೋದು ಯಾವ ನೀರು?’

‘ಯಾವ್ದೋ ನೀರು. ಹಿಡ್ತ ಬರ್ಲಿ ಅಂತ ಹಾಕಿದ್ದೆ. ಟ್ರ್ಯಾಕ್ಟ್ರಿಗೆ ಹಾಕ್ತಿರ್ನಿಲ್ವಾ?’

‘ಅದನ್ನ ಬಾವಿ ಮುಚ್ಚೋ ದಿನಾನೇ ಹಾಕ್ಬೇಕಿತ್ತಾ?’

ಅಪ್ಪ ಕಾಲಿನ ಕೆಸರನ್ನು ಕಡ್ಡಿಯಿಂದ ಕೆರೆಯುತ್ತ ಕೂತ. ‘ನಿಮ್ತಾತ ತೋಡ್ಸಿದ್ದು’ ಅಂದ.

‘ನಿನ್ನೇನ ಹೇಳಿದ್ರೆ ಏನಾಗ್ತಿತ್ತಪ್ಪ? ಸೀಟು ಹೋಗ್ತಿರ್ಲಿಲ್ಲ.’

‘ಹೇಳಿದ್ರೆ ಎಲ್ಲಾ ಸೇರ್ಕಂಡು ನೀರು ಬಿಟ್ಬಿಡ್ತಿದ್ರಿ. ಸೀಟಾದ್ರೆ ಇವತ್ತಲ್ಲ ನಾಳೆ ಓಗೋದೇಯ.’

ನನಗೆ ಕೋಪ ಬರಬೇಕಿತ್ತು. ರಜೆ ಹಾಕಿದ್ದು, ಪೀಣ್ಯಕ್ಕೆ ಅಲೆದದ್ದು, ಬೋಳು ಟೈರಿನಿಂದಾಗಿಯೇ ವಾರವೆಲ್ಲ ಗಾಡಿ ಹೂತುಕೊಂಡದ್ದು, ಎಲ್ಲವೂ ಸಾಲಾಗಿ ನೆನಪಿಗೆ ಬಂದವು. ಕೋಪ ಬರಲಿಲ್ಲ. ಈ ಮನುಷ್ಯ ತನಗಿದ್ದ ಒಂದೇ ಸೀಟನ್ನು ಎರಡು ಬೋಳು ಟೈರಿನಲ್ಲಿ ಬಚ್ಚಿಟ್ಟ ನೀರಿಗಾಗಿ ಬಿಟ್ಟು ಬಂದು ಕೂತಿದ್ದಾನೆ ಎನ್ನುವುದು ಎದೆಗೆ ತಾಗಿತು. ಸಹಿ ಹಾಕಿದ ದಿನ ಅಳಲಿಲ್ಲ, ಬದು ಕೆಡವಿದ ದಿನ ಅಳಲಿಲ್ಲ, ನಾವು ಗಟ್ಟಿ ಜನ ಎಂದು ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗಿದವಳು ನಾನು.

ಅತ್ತ ಮೆಕ್ಯಾನಿಕ್ ವಾಲ್ವು ಕೆಳಗೆ ಬರುವಂತೆ ಚಕ್ರ ತಿರುಗಿಸಿಟ್ಟು, ‘ಬಿಡ್ಲಾ ಮೇಡಂ?’ ಎಂದು ಕೂಗಿದ. ‘ಮುಟ್ಬೇಡಿ, ಇರಿ’ ಎಂದು ಕೂಗಿದೆ. ಆಮೇಲೆ ಅಪ್ಪನಿಗೆ ಹೇಳಿದೆ.

‘ನೀನು ಬೇಡ ಅಂದ್ರೆ ಬಿಡೋದಿಲ್ಲ. ಬೆಲ್ಟೇ ಬಿಚ್ಚಿಸ್ತೀನಿ. ಈ ಕೆಲ್ಸ ಹೋದ್ರೆ ಹೋಗ್ಲಿ.’

ನಾನು ಹಾಗೆ ಹೇಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅಪ್ಪನೂ ತಲೆಯೆತ್ತಿ ನೋಡಿದ. ಮೊಣಕಾಲು ಹಿಡಿದು ಎದ್ದು, ಟವಲು ಹೆಗಲಿಗೆ ಹಾಕಿಕೊಂಡು ಗಾಡಿಯ ಕಡೆ ನಡೆದ. ಮೆಕ್ಯಾನಿಕ್ ಕೈಯಿಂದ ವಾಲ್ವಿನ ಪಿನ್ನು ತಿರುಗಿಸುವ ಕೀಲಿ ಇಸಿದುಕೊಂಡು, ಟೈರಿನ ಪಕ್ಕ ಆ ದಿನ ಕೂತ ಹಾಗೆಯೇ ಕುಕ್ಕರುಗಾಲಲ್ಲಿ ಕೂತ. ಪಿನ್ನು ತಾನೇ ಬಿಚ್ಚಿದ.

ನೀರು ಮೊದಲು ಜೋರಾಗಿ ಚಿಮ್ಮಿ, ಆಮೇಲೆ ಎಳೆಯಾಗಿ ಸುರಿಯತೊಡಗಿತು. ಅಪ್ಪ ಬೊಗಸೆಯೊಡ್ಡಿ ಹಿಡಿದ. ಕಪ್ಪು ನೀರು. ಕಬ್ಬಿಣದ ತುಕ್ಕೂ ಸುಟ್ಟ ರಬ್ಬರಿನಂಥ ವಾಸನೆಯೂ ನಾನು ನಿಂತಲ್ಲಿಗೇ ಬಂತು. ಅವನು ಮೂಗಿನ ಹತ್ತಿರ ತಂದು ಮೂಸಿ ನೋಡಿದ. ಬೊಗಸೆಯನ್ನು ಹಾಗೇ ಹಿಡಿದುಕೊಂಡಿದ್ದ, ಬೆರಳ ಸಂದಿಯಿಂದ ಅದು ಸೋರಿ ಹೋಯಿತು.

‘ಒಂದು ಕ್ಯಾನಲ್ಲಿ ಹಿಡಿದಿಡ್ಲಾ ಅಪ್ಪ?’

‘ಬ್ಯಾಡ’ ಅಂದ. ಕೈಯನ್ನು ಟವಲಿಗೆ ಒರೆಸಿಕೊಂಡ. ‘ಇದ್ರಲ್ಲಿ ಬ್ಯಾಳೆ ಬೇಯಾಕಿಲ್ಲ.’

ಇನ್ನೊಂದು ಟೈರನ್ನೂ ಅವನೇ ಬಿಚ್ಚಿದ. ನೀರು ನಿಲ್ಲುವವರೆಗೂ ಎರಡರ ನಡುವೆ ಕೂತಿದ್ದ. ಆಮೇಲೆ ಮೆಕ್ಯಾನಿಕ್ ಪಟ್ಟಿ ತೊಡಿಸಿ ನಾಲ್ಕಕ್ಕೂ ಒಂದೇ ಸಮ ಗಾಳಿ ತುಂಬಿದ, ಗೇಜು ಹಿಡಿದು ಅಪ್ಪನಿಗೇ ತೋರಿಸಿದ. ಕೊಪ್ಪಳದವನು ತಾನಾಗಿಯೇ ಸೀಟಿನ ಮೇಲಿನ ತನ್ನ ಹೆಲ್ಮೆಟ್ ತೆಗೆದುಕೊಂಡು ಪಕ್ಕಕ್ಕೆ ಸರಿದು, ‘ಬರ್ರಿ ಯಜಮಾನ್ರ’ ಅಂದ. ಅಪ್ಪ ನನ್ನನ್ನು ನೋಡಿದ. ನಾನು ತಲೆಯಾಡಿಸಿದೆ. ಹತ್ತಿ ಕೂತು ಮುಂದಿನ ಬಾರು ಇಳಿಸಿಕೊಂಡ.

ತಿರುವಿನಲ್ಲಿ ಗಾಡಿ ಹಿಂದಕ್ಕೆ ಕುಸಿಯಲಿಲ್ಲ. ಪಟ್ಟಿ ಮಿಸುಕಲಿಲ್ಲ. ಸೂಪರ್‌ವೈಸರ್ ಕಟ್ಟಿದ ಕೈ ಬಿಟ್ಟು ಫೋನ್ ತೆಗೆದು ವಿಡಿಯೊ ಮಾಡತೊಡಗಿದ. ಅಪ್ಪ ಆ ಕೊನೆಯಲ್ಲಿ ಕಲ್ಲು ಸುರಿದು, ಖಾಲಿ ಬಕೆಟ್ ಎತ್ತಿಕೊಂಡು, ಬಂದ ದಾರಿಯಲ್ಲೇ ವಾಪಸು ಬಂದ. ಆ ಕಪ್ಪು ನೀರು ಸುರಿದು ಒದ್ದೆಯಾಗಿದ್ದ ನೆಲ ಅವನ ದಾರಿಗೆ ನೇರ ಅಡ್ಡ ಇತ್ತು. ಅಲ್ಲಿಗೆ ಬಂದು ಗಾಡಿ ನಿಧಾನವಾಯಿತು. ಎಡಗೈಯ ಲಿವರನ್ನು ಮೆಲ್ಲಗೆ ಹಿಂದಕ್ಕೆಳೆದು, ಆ ಜಾಗಕ್ಕೆ ಬೆಲ್ಟು ತಾಗದ ಹಾಗೆ ಸುತ್ತಿ ಬಳಸಿಕೊಂಡು ಹೋದ. ಅವತ್ತಿಡೀ ಪ್ರತಿ ಸಲವೂ ಹಾಗೇ ಹೋದ.